ಅಳಿವಿನಂಚಿನ ಪ್ರಭೇದವನ್ನು ಉಳಿಸಬೇಕಾದರೆ ಮೊದಲು ಕಾರಣವನ್ನು ಪತ್ತೆಹಚ್ಚಿ

ಒಂದು ಜೀವಿಯ ಸಂಖ್ಯೆ ಕುಸಿಯುತ್ತಿದೆ ಎಂದು ತಿಳಿದ ಕೂಡಲೇ ಬೇಲಿ ಹಾಕುವುದು, ಬೇಟೆಯನ್ನು ನಿಷೇಧಿಸುವುದು, ಮೃಗಾಲಯದಲ್ಲಿ ಮರಿ ಮಾಡಿಸುವುದು ಮುಂತಾದ ಉಪಾಯಗಳು ನಮಗೆ ಹೊಳೆಯುತ್ತವೆ. ಒಂದಲ್ಲ ಒಂದು ಸಂದರ್ಭದಲ್ಲಿ ಇವೆಲ್ಲವೂ ಬೇಕಾಗುತ್ತವೆ. ಆದರೆ ಆ ಜೀವಿ ಏಕೆ ಕಡಿಮೆಯಾಗುತ್ತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಕೈಗೊಂಡ ರಕ್ಷಣೆ ವ್ಯರ್ಥವಾಗಬಹುದು, ಕೆಲವೊಮ್ಮೆ ಹಾನಿಯನ್ನೂ ಮಾಡಬಹುದು.

ಬ್ರಿಟನ್ನಿನ ದೊಡ್ಡ ನೀಲಿ ಚಿಟ್ಟೆಯ ವಿಷಯದಲ್ಲಿ ಆದದ್ದು ಇದೇ. ಚಿಟ್ಟೆ ಸಂಗ್ರಹಿಸುವವರಿಂದಲೇ ಅದಕ್ಕೆ ಅಪಾಯವೆಂದು ಭಾವಿಸಿ ಅದರ ನೆಲೆಗೆ ಬೇಲಿ ಹಾಕಿದಾಗ ಜನರ ಜೊತೆಗೆ ಜಾನುವಾರುಗಳೂ ಹೊರಗುಳಿದವು. ಈ ಚಿಟ್ಟೆಯ ಮರಿಹುಳು ಕೆಲವು ದಿನ ಗಿಡವನ್ನು ತಿಂದು, ಆಮೇಲೆ ಒಂದು ಬಗೆಯ ಕೆಂಪಿರುವೆಯ ಗೂಡನ್ನು ಸೇರಿ ಅಲ್ಲಿಯ ಇರುವೆಮರಿಗಳನ್ನು ತಿಂದು ಬೆಳೆಯುತ್ತದೆ. ಆ ಇರುವೆಗೆ ಬಿಸಿಲು ತಾಗುವ ಬೆಚ್ಚಗಿನ ನೆಲ ಬೇಕು, ಅಂದರೆ ಹುಲ್ಲು ಗಿಡ್ಡವಾಗಿರಬೇಕು. ಮೇಯಿಸುವುದು ನಿಂತು, 1950ರ ದಶಕದಲ್ಲಿ ಮೊಲಗಳೂ ರೋಗದಿಂದ ಸತ್ತ ಮೇಲೆ ಹುಲ್ಲು ಬೆಳೆಯಿತು, ನೆಲ ತಣ್ಣಗಾಯಿತು, ಇರುವೆ ಇಲ್ಲವಾಯಿತು. 1979ರಲ್ಲಿ ಆ ಚಿಟ್ಟೆ ಬ್ರಿಟನ್ನಿನಿಂದ ಕಣ್ಮರೆಯಾಯಿತು. ಕಾರಣ ತಿಳಿದ ನಂತರ ಮೇಯಿಸುವಿಕೆಯನ್ನು ಮತ್ತೆ ಆರಂಭಿಸಿ, ಸ್ವೀಡನ್ನಿನಿಂದ ತಂದ ಮರಿಹುಳುಗಳನ್ನು ಬಿಟ್ಟಾಗ ಅದು ಪುನಃ ನೆಲೆಯೂರಿತು.

ಆದ್ದರಿಂದ ಮೊದಲ ಕೆಲಸ ಎಣಿಕೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 1964ರಿಂದ ನಿರ್ವಹಿಸುತ್ತಿರುವ ಕೆಂಪು ಪಟ್ಟಿಯು ಎಷ್ಟು ಪ್ರಾಣಿಗಳು ಉಳಿದಿವೆ ಎಂಬುದನ್ನಷ್ಟೇ ನೋಡದೆ, ಅವು ಎಷ್ಟು ವೇಗವಾಗಿ ಕಡಿಮೆಯಾಗುತ್ತಿವೆ, ಎಷ್ಟು ಚದುರಿದ ನೆಲೆಗಳಲ್ಲಿ ಬದುಕಿವೆ ಎಂಬುದನ್ನೂ ಪರಿಗಣಿಸುತ್ತದೆ. 10 ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ ಅರ್ಧದಷ್ಟು ಇಳಿದರೆ, ಇನ್ನೂ ಸಾವಿರಾರು ಜೀವಿಗಳು ಉಳಿದಿದ್ದರೂ ಆ ಪ್ರಭೇದವನ್ನು ಅಳಿವಿನಂಚಿನದೆಂದು ಗುರುತಿಸಬಹುದು. ನೀವು ಗಮನಿಸುತ್ತಿರುವ ಪ್ರಭೇದದ ಎಣಿಕೆಯನ್ನೂ ಪ್ರತಿವರ್ಷ ಒಂದೇ ಋತುವಿನಲ್ಲಿ, ಅದೇ ದಾರಿಯಲ್ಲಿ, ಅಷ್ಟೇ ಹೊತ್ತು ಮಾಡಬೇಕು. ವಿಧಾನ ಬದಲಾದರೆ ಇಳಿಕೆಯು ನಿಜವಾದದ್ದೋ ಎಣಿಕೆಯ ದೋಷವೋ ಎಂದು ಹೇಳಲಾಗದು. ಹುಡುಕಿದರೂ ಕಾಣದ ದಿನಗಳನ್ನು ಬರೆದಿಡುವುದು ಕಂಡ ದಿನಗಳನ್ನು ಬರೆದಿಡುವಷ್ಟೇ ಮುಖ್ಯ.

ಇನ್ನು ಕಾರಣಗಳು. ಭೂಮಿಯ ಮೇಲಿನ ಹೆಚ್ಚಿನ ಪ್ರಭೇದಗಳಿಗೆ ಅತಿದೊಡ್ಡ ಅಪಾಯವೆಂದರೆ ನೆಲೆ ನಾಶವಾಗುವುದು ಅಥವಾ ತುಂಡು ತುಂಡಾಗುವುದು. ಅತಿಯಾದ ಬೇಟೆಯ ವೇಗವಂತೂ ಭಯಾನಕ: 1741ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಸ್ಟೆಲ್ಲರನ ಕಡಲಹಸು ಎಂಬ ದೈತ್ಯ ಸಾಗರ ಸಸ್ತನಿಯನ್ನು ಮನುಷ್ಯರು 27 ವರ್ಷಗಳಲ್ಲಿ ಕೊಂದು ಮುಗಿಸಿದರು. ಹೊರಗಿನಿಂದ ಬಂದ ಜೀವಿಗಳು ದ್ವೀಪಗಳಲ್ಲಿ ವಿಶೇಷವಾಗಿ ಅಪಾಯಕಾರಿ. ಎರಡನೆಯ ಮಹಾಯುದ್ಧದ ನಂತರ ಗುವಾಮ್ ದ್ವೀಪವನ್ನು ಸೇರಿದ ಕಂದು ಮರಹಾವು ಅಲ್ಲಿಯ ಮೂಲ ಕಾಡುಹಕ್ಕಿಗಳಲ್ಲಿ ಬಹುಪಾಲನ್ನು ಇಲ್ಲವಾಗಿಸಿತು. ಇವಲ್ಲದೆ ರೋಗ, ಮಾಲಿನ್ಯ ಮತ್ತು ಹವಾಮಾನ ಬದಲಾವಣೆ ಇವೆ.

ಈ ಕಾರಣಗಳು ಬಿಡಿಬಿಡಿಯಾಗಿ ಬರುವುದು ಅಪರೂಪ. ಕ್ಯಾಲಿಫೋರ್ನಿಯಾದ ಚಾನೆಲ್ ದ್ವೀಪಗಳ ಪುಟ್ಟ ನರಿ 1990ರ ದಶಕದಲ್ಲಿ ಹಠಾತ್ತನೆ ಕುಸಿದಾಗ, ಅದನ್ನು ಕೊಲ್ಲುತ್ತಿದ್ದುದು ಹೊಸದಾಗಿ ಬಂದ ಚಿನ್ನದ ಹದ್ದು ಎಂದು ತಿಳಿಯಿತು. ಆ ಹದ್ದನ್ನು ಅಲ್ಲಿ ನೆಲೆಸುವಂತೆ ಮಾಡಿದ್ದು ಮನುಷ್ಯರು ತಂದುಬಿಟ್ಟ ಹಂದಿಗಳ ಮರಿಗಳು. ಚಿನ್ನದ ಹದ್ದನ್ನು ದೂರವಿಡುತ್ತಿದ್ದ ಬೋಳು ಹದ್ದುಗಳೋ ಡಿಡಿಟಿ ಕೀಟನಾಶಕದಿಂದ ಆಗಲೇ ನಾಶವಾಗಿದ್ದವು. ಹಂದಿಗಳನ್ನು ತೆಗೆದು, ಚಿನ್ನದ ಹದ್ದುಗಳನ್ನು ಸ್ಥಳಾಂತರಿಸಿ, ಬೋಳು ಹದ್ದುಗಳನ್ನು ಮರಳಿ ತಂದು, ಜೊತೆಗೆ ನರಿಗಳ ಮರಿ ಮಾಡಿಸಿ ಬಿಟ್ಟಿದ್ದರಿಂದ 2016ರಲ್ಲಿ ಮೂರು ದ್ವೀಪಗಳ ನರಿಗಳನ್ನು ಅಪಾಯದ ಪಟ್ಟಿಯಿಂದ ಕೈಬಿಡಲು ಸಾಧ್ಯವಾಯಿತು.

ಕಾರಣವನ್ನು ಖಚಿತಪಡಿಸಿಕೊಳ್ಳುವ ಕ್ರಮವನ್ನು ಕಲಿಯಲು ದಕ್ಷಿಣ ಏಷ್ಯಾದ ರಣಹದ್ದುಗಳ ಪ್ರಕರಣಕ್ಕಿಂತ ಉತ್ತಮವಾದದ್ದು ನನಗೆ ತಿಳಿದಿಲ್ಲ. 1990ರ ದಶಕದಿಂದ ಅವುಗಳ ಮೂರು ಪ್ರಭೇದಗಳು ಶೇಕಡ 95ಕ್ಕಿಂತ ಹೆಚ್ಚು ಕುಸಿದಾಗ ಮೊದಲು ಸಂಶಯ ಬಂದದ್ದು ಸಾಂಕ್ರಾಮಿಕ ರೋಗದ ಮೇಲೆ. ಸತ್ತ ಹಕ್ಕಿಗಳನ್ನು ಪರೀಕ್ಷಿಸಿದಾಗ ಮೂತ್ರಪಿಂಡಗಳು ವಿಫಲವಾಗಿದ್ದವು. ಜಾನುವಾರುಗಳಿಗೆ ನೀಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವು ಕಳೇಬರದ ಮೂಲಕ ಅವುಗಳ ದೇಹವನ್ನು ಸೇರುತ್ತಿದೆ ಎಂಬುದು 2004ರಲ್ಲಿ ಪ್ರಕಟವಾಯಿತು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಪೂರಿತವಾಗಿದ್ದರೂ ಇಂತಹ ಕುಸಿತಕ್ಕೆ ಸಾಕು ಎಂದು ಲೆಕ್ಕಾಚಾರಗಳು ತೋರಿಸಿದವು, ಏಕೆಂದರೆ ಒಂದೇ ಕಳೇಬರಕ್ಕೆ ಹಲವಾರು ಹದ್ದುಗಳು ಮುತ್ತುತ್ತವೆ ಮತ್ತು ಒಂದು ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. 2006ರಲ್ಲಿ ಭಾರತ, ನೇಪಾಳ ಮತ್ತು ಪಾಕಿಸ್ತಾನಗಳು ಪಶುಚಿಕಿತ್ಸೆಯಲ್ಲಿ ಈ ಔಷಧಿಯನ್ನು ನಿಷೇಧಿಸಿದವು. ನಿಷೇಧ ಕಾರ್ಯಸಾಧ್ಯವಾಗಲು ಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕ್ಯಾಮ್ ಎಂಬ ಬದಲಿ ಔಷಧಿ ಇದ್ದದ್ದು ಬಹಳ ನೆರವಾಯಿತು. ಜನರ ನಿತ್ಯದ ಅಗತ್ಯಕ್ಕೆ ಸಂಬಂಧಿಸಿದ ವಸ್ತುವನ್ನು ನಿಲ್ಲಿಸಲು ಹೊರಟವರು ಅದರ ಜಾಗದಲ್ಲಿ ಏನನ್ನು ಬಳಸಬೇಕು ಎಂಬುದನ್ನೂ ಜೊತೆಗೇ ಹೇಳಬೇಕು.

ಕಾರಣವನ್ನು ತಡೆದ ಮೇಲೂ ಸಂಖ್ಯೆ ತೀರ ಕಡಿಮೆಯಾಗಿದ್ದರೆ ಬೇರೆಯೇ ತೊಂದರೆ ಎದುರಾಗುತ್ತದೆ. ಹತ್ತಿರದ ಸಂಬಂಧಿಗಳ ನಡುವೆಯೇ ಸಂತಾನವಾಗಿ ದೋಷಗಳು ಕಾಣಿಸಿಕೊಳ್ಳುತ್ತವೆ. ಫ್ಲಾರಿಡಾದ ಪ್ಯಾಂಥರ್‌ಗಳು ಈ ಸ್ಥಿತಿಗೆ ತಲುಪಿದಾಗ 1995ರಲ್ಲಿ ಟೆಕ್ಸಾಸಿನಿಂದ ಅದೇ ಪ್ರಭೇದದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಡಲಾಯಿತು. ಮರಿಗಳ ಆರೋಗ್ಯ ಸುಧಾರಿಸಿ ಸಂಖ್ಯೆ ಏರಿತು. ದೂರದಿಂದ ಪ್ರಾಣಿಗಳನ್ನು ತರುವ ಸ್ಥಿತಿ ಬರುವುದಕ್ಕೆ ಮುಂಚೆಯೇ ನೆಲೆಗಳ ನಡುವಿನ ಓಡಾಟದ ದಾರಿಗಳನ್ನು ಉಳಿಸಿಕೊಳ್ಳುವುದು ಹೆಚ್ಚು ಸುಲಭ ಮತ್ತು ಅಗ್ಗ.

ಮೃಗಾಲಯದಲ್ಲಿ ಮರಿ ಮಾಡಿಸಿ ಕಾಡಿಗೆ ಬಿಡುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ನಿಷ್ಫಲವೆಂದು ಇದರ ಅರ್ಥವಲ್ಲ: 1972ರಲ್ಲಿ ಕಾಡಿನಿಂದ ಪೂರ್ತಿ ಅಳಿದ ಅರೇಬಿಯನ್ ಓರಿಕ್ಸ್ ಎಂಬ ಹುಲ್ಲೆ 1982ರಲ್ಲಿ ಓಮಾನಿಗೆ ಮರಳಿದ್ದು ಈ ವಿಧಾನದಿಂದಲೇ. ಆದರೆ 1982ರಲ್ಲಿ ಕೇವಲ 22 ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡರ್ ಹಕ್ಕಿ ಈಗ ನೂರಾರು ಸಂಖ್ಯೆಗೆ ಏರಿದ್ದರೂ, ಬೇಟೆಗಾರರ ಸೀಸದ ಗುಂಡುಗಳ ಚೂರುಗಳನ್ನು ಕಳೇಬರದೊಂದಿಗೆ ನುಂಗಿ ಇಂದಿಗೂ ಸಾಯುತ್ತಿದೆ.

ಪ್ರತಿಯೊಬ್ಬರೂ ಮಾಡಬಹುದಾದ ಕೆಲಸಗಳೂ ಕಾರಣಗಳಿಗೆ ನೇರವಾಗಿ ಸಂಬಂಧಿಸಿವೆ. ಸಾಕಿದ ಮೀನು, ಆಮೆ, ಹಾವು ಅಥವಾ ಅಲಂಕಾರದ ಜಲಸಸ್ಯ ಬೇಡವಾದಾಗ ಕೆರೆಗೂ ಕಾಡಿಗೂ ಬಿಡಬೇಡಿ. ಅದನ್ನು ಮಾರಿದವರಿಗೋ ಸಾಕಬಲ್ಲವರಿಗೋ ಒಪ್ಪಿಸಿ. ದಂತ, ಚಿಪ್ಪು, ಹವಳ, ಕಾಡುಪ್ರಾಣಿಯ ಚರ್ಮ ಇವುಗಳನ್ನು ಉಡುಗೊರೆಯೆಂದೂ ಸ್ವೀಕರಿಸಬೇಡಿ. ಒಂದು ಕೊಳದಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಬಲೆಗಳನ್ನು ತೊಳೆದು ಪೂರ್ತಿ ಒಣಗಿಸಿ, ಏಕೆಂದರೆ ಕಪ್ಪೆಗಳನ್ನು ಕೊಲ್ಲುವ ಶಿಲೀಂಧ್ರ ನೀರು ಮತ್ತು ಕೆಸರಿನೊಡನೆ ಹರಡಬಲ್ಲದು. ಕಂಡದ್ದನ್ನು ಐನ್ಯಾಚುರಲಿಸ್ಟ್, ಇ-ಬರ್ಡ್‌ನಂತಹ ತಾಣಗಳಲ್ಲಿ ದಿನಾಂಕ ಸಹಿತ ದಾಖಲಿಸಿ, ಆದರೆ ಅಪರೂಪದ ಜೀವಿಯ ಗೂಡಿನ ನಿಖರ ಸ್ಥಳವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಕಳ್ಳಬೇಟೆಗಾರರೂ ಆ ಮಾಹಿತಿಯನ್ನು ಓದುತ್ತಾರೆ.

ಸಂಖ್ಯೆ ಚೇತರಿಸಿಕೊಂಡ ನಂತರ ಹಣ ಮತ್ತು ಗಮನ ಎರಡೂ ಬೇರೆಡೆಗೆ ಸರಿಯುತ್ತವೆ. ಇದನ್ನು ತಡೆಯಲು ಅಮೆರಿಕದ ಕಾನೂನು, ಪಟ್ಟಿಯಿಂದ ಕೈಬಿಟ್ಟ ಪ್ರಭೇದವನ್ನು ಕನಿಷ್ಠ 5 ವರ್ಷ ಗಮನಿಸುತ್ತಿರಬೇಕೆಂದು ವಿಧಿಸುತ್ತದೆ. ನಿಧಾನವಾಗಿ ಸಂತಾನ ಬೆಳೆಸುವ ಹದ್ದು, ಆನೆ, ತಿಮಿಂಗಿಲಗಳಂತಹ ಜೀವಿಗಳಿಗೆ ಆ ಅವಧಿ ಒಂದು ತಲೆಮಾರಿಗೂ ಸಾಲದು. ಅವುಗಳ ವಿಷಯದಲ್ಲಿ ವಾರ್ಷಿಕ ಎಣಿಕೆಯ ಯೋಜನೆಯನ್ನು ಆರಂಭದಲ್ಲಿಯೇ ದಶಕಗಳ ಲೆಕ್ಕದಲ್ಲಿ ರೂಪಿಸಬೇಕಾಗುತ್ತದೆ.