ಐಸ್ ಡಬ್ಬಿಯ ಎಸಿ: ಎಷ್ಟು ತಂಪು, ಎಷ್ಟು ಹೊತ್ತು?

ಧಾರವಾಡದ ಸಪ್ತಾಪುರದಲ್ಲಿ ಮೇಲ್ಮಹಡಿಯ ಬಾಡಿಗೆ ರೂಮು ಹಿಡಿದು ಓದುವವರಿಗೆ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಸ್ಲ್ಯಾಬ್ ಕಾದ ಹಂಚಾಗಿರುತ್ತದೆ, ಫ್ಯಾನ್ ಹಾಕಿದರೆ ಅದೇ ಬಿಸಿ ತಲೆ ಮೇಲೆ ಬೀಳುತ್ತದೆ. ಹೋದ ಬೇಸಿಗೆಯಲ್ಲಿ ನಾನೂ ಐಸ್ ಎಸಿ, ಅಂದರೆ ಐಸ್ ಇಟ್ಟ ಡಬ್ಬಿಯೊಳಗೆ ಫ್ಯಾನಿನ ಗಾಳಿ ಹಾಯಿಸುವ ಮನೆಮದ್ದು, ಮಾಡಿ ನೋಡಿದೆ.

ಮಾಡುವುದು ಸುಲಭ. ಥರ್ಮಾಕೋಲ್ ಡಬ್ಬಿಯ ಮುಚ್ಚಳದಲ್ಲಿ ಫ್ಯಾನಿನ ಮುಖದಷ್ಟು ಅಗಲದ ತೂತು ಕೊರೆದು, ಚಿಕ್ಕ ಟೇಬಲ್ ಫ್ಯಾನನ್ನು ಬೋರಲಾಗಿ ಕೂರಿಸಿ. ಪಕ್ಕದಲ್ಲೊಂದು ತೂತು ಮಾಡಿ ಪಿವಿಸಿ ಎಲ್ಬೋ (ಮೊಣಕೈಯಂತೆ ಬಾಗಿದ ಪೈಪಿನ ತುಂಡು) ಸಿಕ್ಕಿಸಿ, ಗಾಳಿ ಹೊರಬರುವುದು ಅದರಿಂದಲೇ. ಒಳಗೆ ಐಸ್ ಕಟ್ಟಿದ ಬಾಟಲಿ ಇಡಿ. ಬಿಡಿ ಐಸ್ ಬೇಡ, ನೀರು ಸೋರಿ ವೈರಿಗೆ ತಾಗೀತು. ಬಾಟಲಿಗೆ ಕಂಠಮಟ್ಟ ನೀರು ತುಂಬಲೂ ಬೇಡಿ, ಐಸ್ ಉಬ್ಬಿ ಒಡೆಯುತ್ತದೆ.

ತಂಪು ಗಾಳಿ ಬರುತ್ತಾ? ಬರುತ್ತದೆ. ಎಲ್ಬೋ ಎದುರು ಮುಖ ಇಟ್ಟರೆ ಹಾಯ್ ಅನ್ನಿಸುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಏನೂ ಇಲ್ಲ. ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರ್ ಕದಲಲೇ ಇಲ್ಲ.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 1 ಕೆಜಿ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. 1 ಟನ್ ಎಸಿ ಸೆಕೆಂಡಿಗೆ ಸುಮಾರು 3.5 ಕಿಲೋಜೂಲ್ ಶಾಖ ತೆಗೆಯುತ್ತದೆ. ಅಂದರೆ 5 ಕೆಜಿ ಐಸ್ ಅಷ್ಟೂ ಕರಗಿದರೂ ಆ ಎಸಿಯ 8 ನಿಮಿಷದ ಕೆಲಸ ಅಷ್ಟೇ. ಎಸಿಗೆ 'ಟನ್' ಅನ್ನುವ ಅಳತೆ ಬಂದದ್ದೇ ಐಸಿನಿಂದ: ಅಮೆರಿಕದ ಒಂದು ಟನ್, 907 ಕೆಜಿ ಐಸ್, 24 ಗಂಟೆಯಲ್ಲಿ ಕರಗಿದರೆ ಸಿಗುವ ತಂಪು. ಗಂಟೆಗೆ ಸುಮಾರು 38 ಕೆಜಿ! ಅಷ್ಟನ್ನು ಯಾರು ಮಹಡಿ ಹತ್ತಿಸುತ್ತಾರೆ?

ಮನೆ ಫ್ರಿಜ್ಜಿನಲ್ಲೇ ಐಸ್ ಮಾಡಿದರಂತೂ ನಷ್ಟ. ಫ್ರಿಜ್ಜಿನ ಹಿಂದೆ ಕೈ ಹಿಡಿದು ನೋಡಿ. ನೀರಿನಿಂದ ಎಳೆದ ಶಾಖ, ಜೊತೆಗೆ ಕಂಪ್ರೆಸರ್ ತಿಂದ ಕರೆಂಟಿನ ಶಾಖ, ಎರಡನ್ನೂ ಅದು ಮನೆಯೊಳಗೇ ಬಿಡುತ್ತದೆ. ಫ್ರಿಜ್ಜೂ ಡಬ್ಬಿಯೂ ಒಂದೇ ರೂಮಿನಲ್ಲಿದ್ದರೆ ಸಂಜೆ ಹೊತ್ತಿಗೆ ಸೆಕೆ ಜಾಸ್ತಿಯೇ ಆಗಿರುತ್ತದೆ.

ನಮ್ಮ ಕಡೆಯದು ಒಣ ಬಿಸಿಲು ಅಲ್ವಾ, ಗದಗಿನ ಕಡೆ ಇನ್ನೂ ಒಣ. ಇಲ್ಲಿ ನೀರು ಆರುವುದರಲ್ಲೇ ತಂಪಿದೆ. 1 ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೀರುತ್ತದೆ, 1 ಕೆಜಿ ಐಸಿನ 7 ಪಟ್ಟು, ಅದೂ ಫ್ರಿಜ್ಜಿಲ್ಲದೆ. ಹಾಗಾಗಿ ಗೋಣಿತಟ್ಟನ್ನು ಚೆನ್ನಾಗಿ ತೊಳೆದು (ಇಲ್ಲದಿದ್ದರೆ ವಾಸನೆ ತಡೆಯಲಾಗುವುದಿಲ್ಲ) ಒದ್ದೆ ಮಾಡಿ ಕಿಟಕಿಗೆ ಕಟ್ಟಿ, ಎದುರಿನ ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖ ಮಾಡಿ ಇಡಿ, ಆಗ ಹೊರಗಿನ ಗಾಳಿ ತಟ್ಟಿನ ಮೂಲಕವೇ ಒಳಗೆ ಬರುತ್ತದೆ. ತಟ್ಟು ಆರುತ್ತಾ ಬಂದಾಗ ಒಂದು ತಂಬಿಗೆ ನೀರು ಚಿಮುಕಿಸಿ. ಎರಡೂ ಕಿಟಕಿ ತೆರೆದೇ ಇರಲಿ, ಮುಚ್ಚಿದರೆ ತೇವ ಕೂತು ಬೆವರು ಆರುವುದಿಲ್ಲ. ಅಡ್ಡಮಳೆ (ಮುಂಗಾರಿಗೆ ಮೊದಲಿನ ಬೇಸಿಗೆ ಮಳೆ) ಬಿದ್ದ ಮೇಲೆ ಗಾಳಿಯಲ್ಲೇ ತೇವ ಇರುವುದರಿಂದ ಇದರ ಜೋರು ಕಡಿಮೆ.

ಡಬ್ಬಿ ಆಗಲೇ ಮಾಡಿಟ್ಟಿದ್ದರೆ ಎಸೆಯಬೇಡಿ. ರಾತ್ರಿ ಎಲ್ಬೋವನ್ನು ದಿಂಬಿನ ಕಡೆ ತಿರುಗಿಸಿ ಮಲಗಿ, ನಿದ್ದೆ ಹತ್ತುವವರೆಗೆ ಸಾಕಾಗುತ್ತದೆ.