ಟ್ರೈಲರ್ ಮನೆಯಲ್ಲಿ ಪ್ರೊಪೇನ್ ಉಳಿಸುವುದು ಹೇಗೆ?

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರಾವೆಲ್ ಟ್ರೈಲರಿನಲ್ಲೇ ತಿಂಗಳುಗಟ್ಟಲೆ ಸಂಸಾರ ಹೂಡುವವರಿದ್ದಾರೆ. ಆ ಪುಟ್ಟ ಮನೆಯ ಒಲೆ, ಬಿಸಿನೀರಿನ ಹೀಟರ್, ಫ್ರಿಜ್ ಮತ್ತು ಕೋಣೆ ಕಾಯಿಸುವ ಫರ್ನೇಸ್, ಈ ನಾಲ್ಕೂ ಸಾಮಾನ್ಯವಾಗಿ ಟ್ರೈಲರಿನ ಮೂತಿಯ ಮೇಲೆ ಕೂರಿಸಿದ ಎರಡು ಪ್ರೊಪೇನ್ ಗ್ಯಾಸ್ ಸಿಲಿಂಡರುಗಳನ್ನೇ ನಂಬಿಕೊಂಡಿರುತ್ತವೆ. ಗ್ಯಾಸ್ ಉಳಿಸಬೇಕೆಂದಾಗ ನಮ್ಮವರ ಕೈ ಮೊದಲು ಹೋಗುವುದು ಒಲೆಯ ಕಡೆಗೆ. ಅಡುಗೆಯ ಸಿಲಿಂಡರ್ ಎಷ್ಟು ದಿನ ಬಂತೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬೆಳೆದವರಿಗೆ ಅದು ಸಹಜ. ಆದರೆ ಟ್ರೈಲರಿನ ಲೆಕ್ಕವೇ ಬೇರೆ.

ಮೊದಲು ಆ ಲೆಕ್ಕವನ್ನು ನೋಡಿಕೊಳ್ಳಿ. ಒಂದು ಕೆ.ಜಿ. ಪ್ರೊಪೇನಿನಲ್ಲಿ ಸುಮಾರು 47,500 ಬಿಟಿಯು (ಶಾಖವನ್ನು ಅಳೆಯುವ ಒಂದು ಮಾನ) ಶಾಖವಿದೆ. ಗಂಟೆಗೆ 30,000 ಬಿಟಿಯು ಸಾಮರ್ಥ್ಯದ ಫರ್ನೇಸ್ ಚಳಿಗಾಲದ ಒಂದು ದಿನದಲ್ಲಿ ಒಟ್ಟು ನಾಲ್ಕು ಗಂಟೆ ಉರಿದರೆ ಎರಡೂವರೆ ಕೆ.ಜಿ. ಗ್ಯಾಸ್ ಖರ್ಚಾಗುತ್ತದೆ. 7,000 ಬಿಟಿಯು ಬರ್ನರಿನಲ್ಲಿ ಒಂದೂವರೆ ಗಂಟೆ ಅಡುಗೆ ಮಾಡಿದರೆ ಆಗುವ ಖರ್ಚು ಕಾಲು ಕೆ.ಜಿ.ಯೂ ಇಲ್ಲ. ಫರ್ನೇಸ್ ಎಡೆಬಿಡದೆ ಉರಿದರೆ 30 ಪೌಂಡಿನ, ಅಂದರೆ 13.6 ಕೆ.ಜಿ.ಯ ಸಿಲಿಂಡರ್ ಒಂದು ದಿನವೂ ಬಾರದು. ಆದ್ದರಿಂದ ಚಳಿಗಾಲದ ಉಳಿತಾಯವೆಂದರೆ ಮುಖ್ಯವಾಗಿ ಫರ್ನೇಸಿನ ಉಳಿತಾಯ.

ನಿಮ್ಮ ಟ್ರೈಲರಿನ ಖರ್ಚು ತಿಳಿಯಲು ತೂಕದ ಕೊಕ್ಕೆಯೊಂದು ಸಾಕು. ಭಾರತದ ಸಿಲಿಂಡರಿನಂತೆ ಅಲ್ಲಿಯ ಸಿಲಿಂಡರಿನ ಕತ್ತುಪಟ್ಟಿಯ ಮೇಲೂ ಖಾಲಿ ತೂಕವನ್ನು 'ಟಿಡಬ್ಲ್ಯು' ಎಂಬ ಅಕ್ಷರಗಳ ಪಕ್ಕದಲ್ಲಿ ಒತ್ತಿರುತ್ತಾರೆ. ವಾಲ್ವ್ ಮುಚ್ಚಿ, ಕೊಳವೆ ಕಳಚಿ ತೂಗಿ, ಖಾಲಿ ತೂಕವನ್ನು ಕಳೆದರೆ ಉಳಿದದ್ದು ಗ್ಯಾಸ್. ಎರಡು ಸಿಲಿಂಡರುಗಳ ವಾಲ್ವನ್ನೂ ಒಟ್ಟಿಗೆ ತೆರೆದಿಡುವ ರೂಢಿಯನ್ನು ಬಿಡುವುದು ಒಳ್ಳೆಯದು. ರೆಗ್ಯುಲೇಟರ್ ತಾನಾಗಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವುದರಿಂದ, ಮೊದಲನೆಯದು ಮುಗಿದದ್ದು ಗಮನಕ್ಕೇ ಬಾರದೆ ನಡುರಾತ್ರಿ ಎರಡನೆಯದೂ ಮುಗಿದಿರುತ್ತದೆ.

ಅನಂತರ ಶಾಖ ಸೋರುವ ಜಾಗಗಳನ್ನು ಮುಚ್ಚಿ. ಹೆಚ್ಚಿನ ಟ್ರೈಲರುಗಳ ಕಿಟಕಿಗೆ ಒಂದೇ ಪದರದ ಗಾಜಿರುತ್ತದೆ. ಅದಕ್ಕೆ ಒಳಗಿನಿಂದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಅಂಟಿಸಿ, ರಾತ್ರಿ ದಪ್ಪ ಪರದೆ ಎಳೆಯಿರಿ. ಚಾವಣಿಯ ಗಾಳಿಗಿಂಡಿಗಳಿಗೆ ಅಳತೆಗೆ ಸರಿಹೊಂದುವ ಫೋಮ್ ದಿಂಬು ಸಿಗುತ್ತದೆ; ಆದರೆ ಎಲ್ಲವನ್ನೂ ಗಟ್ಟಿಯಾಗಿ ಮುಚ್ಚಿದರೆ ಉಸಿರಿನ ಮತ್ತು ಅಡುಗೆಯ ತೇವ ಗೋಡೆಯ ಮೇಲೆ ನೀರಾಗಿ ಇಳಿದು ಬೂಷ್ಟು ಹಿಡಿಯುವುದರಿಂದ, ಒಂದು ಕಿಂಡಿಯನ್ನಾದರೂ ಬೆರಳಗಲ ತೆರೆದಿಡಬೇಕು. ಒಂದೇ ಕಡೆ ಚಳಿಗಾಲ ಪೂರ್ತಿ ನಿಲ್ಲುವವರು ಟ್ರೈಲರಿನ ಬುಡದ ಸುತ್ತ ಫೋಮ್ ಹಲಗೆಯನ್ನೋ ದಪ್ಪ ವಿನೈಲ್ ಬಟ್ಟೆಯನ್ನೋ ಕಟ್ಟಿ, ನೆಲದಡಿಯಲ್ಲಿ ಗಾಳಿ ನುಗ್ಗದಂತೆ ಮಾಡುತ್ತಾರೆ. ಹಾಸಿಗೆಗೆ ವಿದ್ಯುತ್ ಕಂಬಳಿ ಹಾಸಿ ಕೋಣೆಯ ಶಾಖವನ್ನು ನಿಗದಿ ಮಾಡುವ ಥರ್ಮೋಸ್ಟಾಟನ್ನು ರಾತ್ರಿ ನಾಲ್ಕೈದು ಡಿಗ್ರಿ ಇಳಿಸಿದರೆ ಫರ್ನೇಸ್ ಉರಿಯುವ ಹೊತ್ತು ಚೆನ್ನಾಗಿ ಕಡಿಮೆಯಾಗುತ್ತದೆ.

ಟ್ರೈಲರ್ ನಿಲ್ಲಿಸಲು ಬಾಡಿಗೆಗೆ ಸಿಗುವ ಕ್ಯಾಂಪ್‌ಗ್ರೌಂಡಿನಲ್ಲಿ ವಿದ್ಯುತ್ ಸಂಪರ್ಕವಿದ್ದರೆ ಕೆಲಸ ಇನ್ನೂ ಸುಲಭ. ದಿನದ ಬಾಡಿಗೆಯಲ್ಲಿ ವಿದ್ಯುತ್ ಸಾಮಾನ್ಯವಾಗಿ ಸೇರಿರುತ್ತದೆ, ತಿಂಗಳ ಬಾಡಿಗೆಗೆ ನಿಂತವರಿಗೆ ಮಾತ್ರ ಹೆಚ್ಚಾಗಿ ಮೀಟರ್ ಹಾಕುತ್ತಾರೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಕೋಣೆ ಕಾಯಿಸುವ 1,500 ವಾಟಿನ ವಿದ್ಯುತ್ ಹೀಟರ್ ಗಂಟೆಗೆ ಸುಮಾರು 5,100 ಬಿಟಿಯು ಶಾಖ ಕೊಡುತ್ತದೆ, ಸಾಧಾರಣ ಚಳಿಗೆ ಅದು ಸಾಕು. ಆದರೆ 120 ವೋಲ್ಟಿನ 30 ಆಂಪ್ ಸಂಪರ್ಕದಿಂದ ಸಿಗುವುದು ಒಟ್ಟು 3,600 ವಾಟ್. ಗ್ಯಾಸಿನ ಜೊತೆಗೆ ವಿದ್ಯುತ್ತಿನಲ್ಲೂ ನಡೆಯುವ ನೀರಿನ ಹೀಟರಿನ ಕಾಯಿಲ್ ಸುಮಾರು 1,400 ವಾಟ್ ಎಳೆಯುವುದರಿಂದ, ಎರಡೂ ನಡೆಯುತ್ತಿರುವಾಗ ಮೈಕ್ರೋವೇವ್ ಹಚ್ಚಿದರೆ ಬ್ರೇಕರ್ ಬೀಳುವುದು ಖಚಿತ. ಕೋಣೆಯ ಹೀಟರನ್ನು ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸದೆ ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಬೇಕು.

ಉಳಿತಾಯದ ಹುಮ್ಮಸ್ಸಿನಲ್ಲಿ ಹಲವರು ಎಡವುವುದು ಇಲ್ಲೇ. ಅನೇಕ ಟ್ರೈಲರುಗಳಲ್ಲಿ ಫರ್ನೇಸಿನ ಬಿಸಿಗಾಳಿಯ ಒಂದು ಕವಲು ನೆಲದಡಿಯ ನೀರಿನ ತೊಟ್ಟಿ ಮತ್ತು ಕೊಳವೆಗಳ ಕಡೆಗೂ ಹೋಗುತ್ತದೆ. ವಿದ್ಯುತ್ ಹೀಟರಿನಿಂದ ಕೋಣೆ ಬೆಚ್ಚಗಾಗಿ ಫರ್ನೇಸ್ ಹೊತ್ತಿಕೊಳ್ಳದೇ ಹೋದರೆ ಮೇಲೆ ನೀವು ಹಾಯಾಗಿರುತ್ತೀರಿ, ಕೆಳಗೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಹೊರಗೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಫರ್ನೇಸನ್ನು ಆಗಾಗ ಉರಿಯಲು ಬಿಡಿ. ಒಡೆದ ಕೊಳವೆಯ ರಿಪೇರಿಯ ಮುಂದೆ ಆ ಗ್ಯಾಸಿನ ಬೆಲೆ ಏನೂ ಅಲ್ಲ.

ನೀರಿನ ಹೀಟರನ್ನು ದಿನವಿಡೀ ಗ್ಯಾಸಿನಲ್ಲಿ ಇಡಬೇಕಾಗಿಲ್ಲ. ಬಹಳಷ್ಟು ಟ್ರೈಲರುಗಳಲ್ಲಿರುವ 6 ಗ್ಯಾಲನ್, ಅಂದರೆ ಸುಮಾರು 23 ಲೀಟರಿನ ತೊಟ್ಟಿಯನ್ನು ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಕಾಯಿಸಿ ಆರಿಸಿದರೆ ಪಾತ್ರೆ ತೊಳೆಯುವವರೆಗೂ ಬಿಸಿ ಉಳಿದಿರುತ್ತದೆ. ಮೈ ತೋಯಿಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನೀರು ಬಿಡುವ ಕ್ರಮ ಚೊಂಬಿನ ಸ್ನಾನ ಬಲ್ಲವರಿಗೆ ಹೊಸದೇನಲ್ಲ. ಫ್ರಿಜ್ ಗ್ಯಾಸ್ ಮತ್ತು ವಿದ್ಯುತ್ ಎರಡರಲ್ಲೂ ನಡೆಯುವಂಥದ್ದಾದರೆ ಸಂಪರ್ಕ ಸಿಕ್ಕ ಕೂಡಲೇ ವಿದ್ಯುತ್ತಿಗೆ ಬದಲಿಸಿ. ಟ್ರೈಲರ್ ಸಮತಟ್ಟಾಗಿ ನಿಲ್ಲದಿದ್ದರೆ ಈ ಬಗೆಯ ಫ್ರಿಜ್ ಸರಿಯಾಗಿ ತಂಪಾಗದೆ ಸುಮ್ಮನೆ ಉರಿಯುತ್ತಿರುತ್ತದೆ, ಕೊನೆಗೆ ಕೆಟ್ಟೂ ಹೋಗುತ್ತದೆ.

ಒಲೆಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಕಾಳು ನೆನೆಸಿ, ಕುಕ್ಕರ್ ಬಳಸಿ, ವಿದ್ಯುತ್ ಇದ್ದಲ್ಲಿ ಇಂಡಕ್ಷನ್ ಹಚ್ಚಿ. ಕೋಣೆ ಬೆಚ್ಚಗಾಗಲೆಂದು ಒಲೆಯನ್ನು ಉರಿಸಿಡುವುದಂತೂ ಎಂದಿಗೂ ಬೇಡ. ಮುಚ್ಚಿದ ಟ್ರೈಲರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ, ಅದರ ಎಚ್ಚರಿಕೆ ಗಂಟೆ ಕೆಲಸ ಮಾಡುತ್ತಿದೆಯೇ ಎಂದು ತಿಂಗಳಿಗೊಮ್ಮೆ ಒತ್ತಿ ನೋಡಿ.

ಖಾಲಿ ಸಿಲಿಂಡರ್ ಕೊಟ್ಟು ತುಂಬಿದ್ದನ್ನು ಪಡೆಯುವ ಅಂಗಡಿಗಳಲ್ಲಿ 20 ಪೌಂಡಿನ ಸಿಲಿಂಡರಿಗೆ ಹಲವೆಡೆ 15 ಪೌಂಡಿನಷ್ಟೇ ಗ್ಯಾಸ್ ತುಂಬಿರುತ್ತಾರೆ. ಲೇಬಲ್ಲಿನ ಮೇಲೆ ಆ ತೂಕವನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದುವವರು ಕಡಿಮೆ. ನಿಮ್ಮ ಸಿಲಿಂಡರನ್ನೇ ತುಂಬಿಸಿಕೊಡುವ ಕೇಂದ್ರಕ್ಕೆ ಹೋದರೆ ತುಂಬಿದಷ್ಟಕ್ಕೆ ಮಾತ್ರ ಹಣ ಕೊಡುತ್ತೀರಿ, ಅರ್ಧ ಉಳಿದ ಸಿಲಿಂಡರನ್ನೂ ನಷ್ಟವಿಲ್ಲದೆ ಕೊಂಡೊಯ್ಯಬಹುದು.