ಪರದೆಯ ಹಿಂದಿನಿಂದ ಚಿತ್ರ ಬಿಡುವಾಗ: ನನ್ನ ಅನುಭವ

ನಾಟಕಕ್ಕೆ ಪ್ರೊಜೆಕ್ಷನ್ ಬೇಕು ಅಂತ ನಿರ್ದೇಶಕರು ಹೇಳಿದರೆ ನಾನು ಮೊದಲು ಟೇಪ್ ಹಿಡಿದು ರಂಗದ ಆಳ ಅಳೆಯುತ್ತೇನೆ. ಪ್ರೊಜೆಕ್ಟರ್ ಮಾತು ಆಮೇಲೆ. ಮುಂದಿನಿಂದ ಬಿಟ್ಟರೆ ನಟರ ನೆರಳು ಚಿತ್ರದ ಮೇಲೆ, ಚಿತ್ರ ನಟರ ಮುಖದ ಮೇಲೆ. ಹಿಂದಿನಿಂದ ಬಿಟ್ಟರೆ ಆ ತೊಂದರೆ ಇಲ್ಲ. ನಮ್ಮ ತೊಗಲುಗೊಂಬೆ ಆಟದಲ್ಲೂ ದೀಪ ಪರದೆಯ ಹಿಂದೆಯೇ ಇರುತ್ತದೆ ಅಲ್ವಾ?

ಆದರೆ ಜಾಗ ಬೇಕು. ಥ್ರೋ ರೇಷಿಯೋ, ಅಂದರೆ ಪ್ರೊಜೆಕ್ಟರಿನಿಂದ ಪರದೆಗಿರುವ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಅನ್ನುವ ಲೆಕ್ಕ, 1.5 ಇದ್ದರೆ 12 ಅಡಿ ಅಗಲದ ಚಿತ್ರಕ್ಕೆ ಹಿಂದೆ 18 ಅಡಿ ಬಿಡಬೇಕು. ಅಷ್ಟು ಬಿಟ್ಟರೆ ಚಿಕ್ಕ ರಂಗದಲ್ಲಿ ನಟರು ಎಲ್ಲಿ ನಿಲ್ಲಬೇಕು? ಹತ್ತಿರದಿಂದಲೇ ದೊಡ್ಡ ಚಿತ್ರ ಬಿಡುವ 0.5ರ ಶಾರ್ಟ್ ಥ್ರೋ ಪ್ರೊಜೆಕ್ಟರ್ ಸಿಕ್ಕರೆ 6 ಅಡಿ ಸಾಕು. ಸಿಗದಿದ್ದರೆ ಕನ್ನಡಿ ಇಟ್ಟು ಬೆಳಕನ್ನು ತಿರುಗಿಸುತ್ತೇನೆ. ಮನೆಯಲ್ಲಿ ಬಳಸುವ ಕನ್ನಡಿ ಆಗುವುದಿಲ್ಲ, ಗಾಜಿನಿಂದಾಗಿ ಅಂಚುಗಳು ಎರಡೆರಡು ಕಾಣುತ್ತವೆ. ಗಾಜಿನ ಮುಂಬದಿಗೇ ಲೇಪ ಇರುವಂಥದ್ದು ಬೇಕು. ಎಡಬಲವನ್ನು ಕನ್ನಡಿಯೇ ತಿರುಗಿಸುವುದರಿಂದ, ಪ್ರೊಜೆಕ್ಟರಿನ ಮೆನುವಿನಲ್ಲಿ ರಿಯರ್ (ಹಿಂದಿನಿಂದ ಬಿಡುವಾಗ ಚಿತ್ರದ ಎಡಬಲ ತಿರುಗಿಸುವ ಆಯ್ಕೆ) ಅಂತ ಆರಿಸುವ ಹಾಗಿಲ್ಲ.

ಜಾಸ್ತಿ ಹೊತ್ತು ಹೋಗುವುದು ಪರದೆಯ ಮೇಲೆ. ತೆಳ್ಳನೆಯ ಬಿಳಿ ಬಟ್ಟೆಯಲ್ಲಿ ಚಿತ್ರ ಬರುತ್ತದೆ, ಜೊತೆಗೆ ಲೆನ್ಸ್ ಕೂಡ ಸೂರ್ಯನಂತೆ ಹೊಳೆಯುತ್ತದೆ. ದುಡ್ಡಿದ್ದರೆ ಬೂದು ಬಣ್ಣದ ರಿಯರ್ ಪ್ರೊಜೆಕ್ಷನ್ ಹಾಳೆಯನ್ನೇ ತರಿಸಿ. ಅದು ಬೆಳಕನ್ನು ಚೆನ್ನಾಗಿ ಹರಡುತ್ತದೆ, ಕಪ್ಪೂ ಗಾಢವಾಗಿ ಕಾಣುತ್ತದೆ. ಬಟ್ಟೆಯೇ ಗತಿ ಅಂದರೆ, ಬಾಲ್ಕನಿ ಇಲ್ಲದ ರಂಗಮಂದಿರದಲ್ಲಿ ನಾನು ಪ್ರೊಜೆಕ್ಟರನ್ನು ನೆಲಕ್ಕಿಟ್ಟು ಮೇಲ್ಮುಖ ಮಾಡುತ್ತೇನೆ. ಲೆನ್ಸಿನ ನೇರ ಬೆಳಕು ಪ್ರೇಕ್ಷಕರ ತಲೆಯ ಮೇಲಿಂದ ಹಾದುಹೋಗುತ್ತದೆ. ಪರದೆಯಲ್ಲಿ ಹೊಲಿಗೆ ಮಾತ್ರ ಇರಬಾರದು, ಹಿಂದೆ ಬೆಳಕು ಬಿದ್ದ ತಕ್ಷಣ ಅದು ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಚಿತ್ರವನ್ನು ಕೊಲ್ಲುವುದು ನಟರ ಮೇಲಿನ ಲೈಟು. ಹಾಗಾಗಿ ಬೆಳಕಿನ ವಿನ್ಯಾಸಕರನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಳ್ಳಬೇಕು ಅನ್ನುವುದು ನನ್ನ ಹಟ. ಎದುರಿನ ಲೈಟು ಆದಷ್ಟು ಕಡಿಮೆ, ರಂಗದ ಪಕ್ಕಗಳಾದ ವಿಂಗ್ಸ್‌ನಿಂದ ಅಡ್ಡಲಾಗಿ ಬರುವುದು ಜಾಸ್ತಿ. ನಟರು ಪರದೆಯಿಂದ ನಾಲ್ಕೈದು ಅಡಿ ಮುಂದಿದ್ದರೆ ಒಳ್ಳೆಯದು. ನೆಲಕ್ಕೆ ಕಪ್ಪು ಬಟ್ಟೆ ಹಾಸಲೇಬೇಕು, ಇಲ್ಲದಿದ್ದರೆ ನೆಲಕ್ಕೆ ಬಿದ್ದ ಬೆಳಕು ಪುಟಿದು ಪರದೆಗೆ ಬಂದು ಬಣ್ಣವೆಲ್ಲ ಪೇಲವವಾಗುತ್ತದೆ.

ಇನ್ನೊಂದು ವಿಷಯ. ಕಪ್ಪು ಚಿತ್ರ ಹಾಕಿದರೂ ಪ್ರೊಜೆಕ್ಟರಿನಿಂದ ಮಂಕು ಬೆಳಕು ಸೋರುತ್ತಲೇ ಇರುತ್ತದೆ. ಕತ್ತಲೆಯ ದೃಶ್ಯದಲ್ಲಿ ಪರದೆಯ ಚೌಕ ಕಂಡರೆ ನಾಟಕ ಕೆಟ್ಟಂತೆಯೇ. ಅದಕ್ಕೆ ಲೆನ್ಸಿನ ಮುಂದೆ ಕಪ್ಪು ರಟ್ಟು ಇಳಿಸಲು ಒಬ್ಬರನ್ನು ಹಿಂದೆ ಕೂರಿಸುತ್ತೇನೆ. ಅವರೂ ತಾಲೀಮಿಗೆ ಬರಬೇಕು, ನಟರ ಮಾತುಗಳನ್ನು ಕಲಿಯಬೇಕು.